ಚೆಂಡೆಗೆ ಎಷ್ಟು ಬಿಟ್ ಬೇಕು?

ಡ್ಯಾಕ್ ಅಂದ್ರೆ ಕಂಪ್ಯೂಟರಿನ ಅಂಕಿಗಳನ್ನು ಹೆಡ್‌ಫೋನಿಗೆ ಬೇಕಾದ ಸಿಗ್ನಲ್ ಮಾಡಿಕೊಡುವ ಸಾಧನ. ಲ್ಯಾಪ್‌ಟಾಪಿನಲ್ಲೇ ಒಂದು ಇರ್ತದೆ. ಆದರೂ ‘32 ಬಿಟ್, 384 ಕಿಲೋಹರ್ಟ್ಸ್’ ಅಂತ ಸಾವಿರಗಟ್ಟಲೆಯದ್ದು ಮಾರ್ತಾರೆ. ಸಿ.ಡಿ.ಯ 16 ಬಿಟ್‌ಗೇ ಮೆಲುದನಿಯಿಂದ ಅಬ್ಬರದವರೆಗೆ ಸುಮಾರು 96 ಡೆಸಿಬೆಲ್ ಹಿಡೀತದೆ. 44.1 ಕಿಲೋಹರ್ಟ್ಸಿಗಿಂತ ಹೆಚ್ಚು ಬಾವಲಿಗಳಿಗೆ ಬೇಕೇನೋ.

ಪುತ್ತೂರು, ಸುಳ್ಯ, ಕಡಬದಿಂದ ಬೆಂಗಳೂರಿಗೆ ಬಂದ ನಮ್ಮಂಥವರು ರಾತ್ರಿ ಕೇಳುವುದು ಯಕ್ಷಗಾನ. ಸುಳ್ಯ ಕಡೆಯ ಪದ್ಯಾಣ ಗಣಪತಿ ಭಟ್ಟರು 2021ರಲ್ಲಿ ತೀರಿಕೊಂಡರು. ಅವರ ಪದ ಇನ್ನು ರೆಕಾರ್ಡಿಂಗಿನಲ್ಲಿ ಮಾತ್ರ. ಆಟದ ರೆಕಾರ್ಡಿಂಗುಗಳಲ್ಲಿ ಎಷ್ಟೋ ಕಡೆ ಚೆಂಡೆಯ ಪೆಟ್ಟಿಗೆ ಮೈಕ್ ತಡೆಯದೆ ಅಲೆಯ ತಲೆಯೇ ಕತ್ತರಿಸಿ ಹೋಗಿರ್ತದೆ. ಅದನ್ನು ಯಾವ ಡ್ಯಾಕೂ ಅಂಟಿಸುವುದಿಲ್ಲ. ದುಬಾರಿಯದ್ದು ಆ ಒಡಕನ್ನೇ ಚೊಕ್ಕವಾಗಿ ಕೇಳಿಸ್ತದೆ, ಅಷ್ಟೇ.

ಹಾಗಂತ ಡ್ಯಾಕ್ ದಂಡ ಅಲ್ಲ. ಮೌಸ್ ಆಡಿಸಿದಾಗ ಹೆಡ್‌ಫೋನಿನಲ್ಲಿ ಚಿರ್ ಅಂದರೆ ಅದು ಲ್ಯಾಪ್‌ಟಾಪಿನ ಒಳಗಿನ ಗಲಾಟೆ; ಹೊರಗಿನ ಡ್ಯಾಕ್ ಅದನ್ನು ತಪ್ಪಿಸಬಹುದು. ಅದಕ್ಕೆ ಆ್ಯಪಲ್‌ನ ಸಾವಿರ ರೂಪಾಯಿ ಆಸುಪಾಸಿನ ಟೈಪ್-ಸಿ ಡಾಂಗಲ್ ಧಾರಾಳ ಸಾಕು. ನೋಡಲಿಕ್ಕೆ ವಯರಿನ ತುಂಡು, ಒಳಗಿರುವುದು ಡ್ಯಾಕೇ. ಉಳಿದ ದುಡ್ಡು ಹೆಡ್‌ಫೋನಿಗೆ ಹಾಕಿ, ಭಾಗವತರ ಸ್ವರದಲ್ಲಿ ವ್ಯತ್ಯಾಸ ಕೇಳುವುದು ಅಲ್ಲಿ. ಹ್ಞಾಂ, ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಈ ಡಾಂಗಲಿನ ಸೌಂಡ್ ಕಮ್ಮಿ ಬರ್ತದೆ. ಕಂಪ್ಯೂಟರಿಗೆ ಆ ರಗಳೆ ಇಲ್ಲ.