ನೆಲಕ್ಕೆ ಕಿವಿಗೊಡುವ ಕೋಲು

ಬಾಗಳಿಯ ಕಲ್ಲೇಶ್ವರ ಗುಡಿ ಎದ್ದ ಕಾಲಕ್ಕೆ ಈ ಸೀಮೆಯ ಲೆಕ್ಕವೆಲ್ಲ ಗದ್ಯಾಣ, ಪಣ, ಹಾಗ ಎಂಬ ನಾಣ್ಯಗಳಲ್ಲಿ. ಅದಕ್ಕೇ ಮೆಟಲ್ ಡಿಟೆಕ್ಟರ್ ಕೊಂಡವರಿಗೆ ಮೊದಲು ನೆನಪಾಗುವುದು ಗುಡಿಯ ಹಿತ್ತಲು. ಅಲ್ಲಿ ಮಾತ್ರ ಬೇಡ. ಸಂರಕ್ಷಿತ ನೆಲ ಅಗೆಯುವುದು ಅಪರಾಧ. ಬೇರೆಡೆ ನಿಧಿ ಸಿಕ್ಕರೂ 1962ರ ಕರ್ನಾಟಕದ ಕಾಯ್ದೆಯಿದೆ, ಸರ್ಕಾರಕ್ಕೆ ತಿಳಿಸಲೇಬೇಕು.

ಯಂತ್ರವಂತೂ ಮೆಚ್ಚತಕ್ಕದ್ದೇ. ಒಂದು ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಹಾಯಿಸುತ್ತದೆ, ಲೋಹದಲ್ಲಿ ಸುಳಿವಿದ್ಯುತ್ತು ಹುಟ್ಟುತ್ತದೆ, ಅದರ ಮಾರುತ್ತರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಬೆಳ್ಳಿ, ತಾಮ್ರದ ಕಾಸಿಗೆ ಸಾಮಾನ್ಯವಾಗಿ ಏರುದನಿ, ಮೊಳೆಗೆ ಗೊರಗೊರ. ಪುಟ್ಟ ಚಿನ್ನದ ಹಣದ್ದು ಮಾತ್ರ ಕಿಲಾಡಿತನ: ಸಿಗರೇಟು ಪ್ಯಾಕಿನ ಬೇಗಡೆಯ ದನಿಯಲ್ಲೇ ಉಲಿಯುತ್ತದೆ!

ಕಬ್ಬಿಣ ಬೆರೆತ ಕೆಂಪು ನೆಲದಲ್ಲಿ ಗ್ರೌಂಡ್ ಬ್ಯಾಲೆನ್ಸ್ ಇಲ್ಲದ ಯಂತ್ರ ಸುಮ್ಮಸುಮ್ಮನೆ ಕಿರುಚುತ್ತದೆ. ಹೊಸಬರು ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ. ಮತ್ತೆ ತೋಳು ಸೋಲದ ಹಗುರ, ಜಾಗ ನಿಖರವಾಗಿ ತೋರುವ ಪಿನ್‌ಪಾಯಿಂಟ್ ಗುಂಡಿ, ಹೆಡ್‌ಫೋನ್, ಇಷ್ಟಿದ್ದರೆ ಧಾರಾಳ. ಆಳದ ಜಾಹೀರಾತಿಗೆ ಮರುಳಾಗಬೇಡಿ, ಒಂಟಿ ಕಾಸು ಗೇಣುದ್ದ ಕೆಳಗಿದ್ದು ಸಿಕ್ಕರೇ ಹೆಚ್ಚು. ಉಳುಮೆ ಮುಗಿದ ಮೇಲೆ ಸ್ವಂತ ಹೊಲದಲ್ಲಿ ಆಡಿಸಿ ನೋಡಿ. ಮೊದಲು ಸಿಗುವುದು ಬಹುಶಃ ಎತ್ತಿನ ಲಾಳ.