ರಿಡೈರೆಕ್ಟ್ ಬೀಗವಲ್ಲ

301ಕ್ಕೂ 302ಕ್ಕೂ ಏನು ವ್ಯತ್ಯಾಸ ಎಂದು ಈ ವಾರ ಬರೆಯುವೆನೆಂದು ಮಾತು ಕೊಟ್ಟಿದ್ದೆ. ಅಂಕಣದ ಹಳೆಯ ಓದುಗರಿಗೆ ಅದು ಗೊತ್ತಿರುವುದೇ: ಒಂದು ಕಾಯಂ, ಇನ್ನೊಂದು ತಾತ್ಕಾಲಿಕ. ಆ ಭಾಗದಲ್ಲಿ ನನಗೆ ಅಚ್ಚುಮೆಚ್ಚಿನದು 1999ರ ಆರ್‌ಎಫ್‌ಸಿ 2616ರಲ್ಲಿರುವ ಪುಟ್ಟ ಟಿಪ್ಪಣಿ. 302 ಬಂದಾಗ ಪೋಸ್ಟ್ ವಿನಂತಿಯನ್ನು ಗೆಟ್ ಆಗಿ ಬದಲಿಸಕೂಡದೆಂದು ಹಿಂದಿನ ನಿಯಮಗಳು ಹೇಳಿದ್ದವು. ಬಹುಪಾಲು ಬ್ರೌಸರ್‌ಗಳು ಕಿವಿಗೆ ಹಾಕಿಕೊಳ್ಳದೆ ಗೆಟ್ಟನ್ನೇ ಕಳಿಸುತ್ತಿದ್ದವು. ಟಿಪ್ಪಣಿ ಇದನ್ನು ನೇರವಾಗಿ ದಾಖಲಿಸಿ, ಗೊಂದಲ ಬೇಡದವರಿಗೆ 303 ಮತ್ತು 307 ಇವೆ ಎಂದು ತಿಳಿಸಿ ಸುಮ್ಮನಾಗುತ್ತದೆ.

ಇದನ್ನು ಮತ್ತೆ ಓದುವಾಗ ಹೊಳೆದದ್ದು ಬೇರೆಯೇ ವಿಷಯ. ರಿಡೈರೆಕ್ಟ್ ಎನ್ನುವುದು ಬ್ರೌಸರಿಗೆ ಕೊಡುವ ಸೂಚನೆ, ಅಷ್ಟೇ. ಪಾಲಿಸುವುದು ಬಿಡುವುದು ಆ ಕಡೆಯವರ ಮರ್ಜಿ. ನಮ್ಮಲ್ಲಿ ಅನೇಕರು ಅದನ್ನೇ ಬಾಗಿಲಿಗೆ ಬೀಗವೆಂದು ಜಡಿದು ನಿಶ್ಚಿಂತರಾಗಿದ್ದಾರೆ. ಹಾಗಾಗಿ 301 ಇವತ್ತಿಗೆ ಬದಿಗಿರಲಿ.

ಪಿಎಚ್‌ಪಿಯಲ್ಲಿ ಲೊಕೇಶನ್ ಹೆಡರ್ ಕಳಿಸಿದ ಮಾತ್ರಕ್ಕೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ. ಮುಂದಿನ ಸಾಲು ಓಡುತ್ತಲೇ ಇರುತ್ತದೆ. ಕೇಕ್‌ಪಿಎಚ್‌ಪಿ 2ರ ರಿಡೈರೆಕ್ಟ್ ತಾನೇ ಎಕ್ಸಿಟ್ ಮಾಡಿ ನಮ್ಮನ್ನು ಕಾಯುತ್ತಿತ್ತು. 2015ರ 3.0 ಆವೃತ್ತಿ ಆ ಸೌಲಭ್ಯ ತೆಗೆದುಹಾಕಿ, ರೆಸ್ಪಾನ್ಸ್ ಆಬ್ಜೆಕ್ಟ್ ಕೈಗಿತ್ತು ಸುಮ್ಮನಾಯಿತು. ಕೋಡ್‌ಇಗ್ನೈಟರ್ ಕೂಡ ಮೂರರಿಂದ ನಾಲ್ಕಕ್ಕೆ ಬರುವಾಗ ಇದೇ ದಾರಿ ಹಿಡಿಯಿತು. ‘ಎಕ್ಸಿಟ್ ಇದ್ದ ಕಾಲವೇ ಚೆನ್ನಾಗಿತ್ತು’ ಎಂದು ಇಂದಿಗೂ ಕೊರಗುವ ಪಂಥವೊಂದಿದೆ. ಅವರೊಂದಿಗೆ ನನ್ನ ಜಗಳ ಹಳೆಯದು. ಎಕ್ಸಿಟ್ ಆದರೆ ಪಿಎಚ್‌ಪಿಯುನಿಟ್‌ನ ಪರೀಕ್ಷೆಯೂ ಅಲ್ಲೇ ಸಾಯುತ್ತದೆ, ಮಿಡಲ್‌ವೇರ್ ಮಾಡಬೇಕಿದ್ದ ಉಳಿದ ಕೆಲಸವೂ ಕೈತಪ್ಪುತ್ತದೆ.

ಹೊಸ ಪದ್ಧತಿಯೂ ಬಿಟ್ಟಿಯಲ್ಲ, ‘ರಿಟರ್ನ್’ ಬರೆಯಲೇಬೇಕು. ಬಳಕೆದಾರ ಅಡ್ಮಿನ್ ಅಲ್ಲದಿದ್ದರೆ ಮುಖಪುಟಕ್ಕೆ ರಿಡೈರೆಕ್ಟ್, ಅದರ ಕೆಳಗೆ ದಾಖಲೆಯ ಡಿಲೀಟ್ ಎಂದು ಬರೆದಿದ್ದೀರಿ. ರಿಟರ್ನ್ ಮರೆತಿದ್ದರೆ ದಾಖಲೆ ಅಳಿಯುತ್ತದೆ, ಆಮೇಲೆ ಬ್ರೌಸರ್ ಸಭ್ಯವಾಗಿ ಮುಖಪುಟಕ್ಕೆ ಹೋಗುತ್ತದೆ. ಪರೀಕ್ಷಿಸುವವರ ಕಣ್ಣಿಗೆ ಎಲ್ಲವೂ ಸರಿ! ಇದು ಪಿಎಚ್‌ಪಿಯೊಂದರ ಕಾಯಿಲೆಯೂ ಅಲ್ಲ. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ರೂಬಿ ಆನ್ ರೈಲ್ಸ್‌ನ ಸಾವಿರಕ್ಕೂ ಹೆಚ್ಚು ಮುಕ್ತ ಪ್ರಾಜೆಕ್ಟ್‌ಗಳಲ್ಲಿ ಇದೇ ದೋಷ ಹೆಕ್ಕಿದ್ದರು.

ಇನ್ನೊಂದು ಪಂಥ ಇನ್ನೂ ಸರಳ: ಮೆನುವಿನಿಂದ ಲಿಂಕ್ ತೆಗೆದರೆ ರಕ್ಷಣೆ ಮುಗಿಯಿತು ಎನ್ನುವವರು. ವಿಳಾಸವನ್ನು ಕೈಯಾರೆ ಟೈಪ್ ಮಾಡಬಹುದೆಂಬುದು ಇವರ ಕಲ್ಪನೆಗೇ ಬಾರದು. ಲಾಗಿನ್ ಆದವನು ಬಿಲ್ ಸಂಖ್ಯೆ 57ನ್ನು 58 ಮಾಡಿ ಪಕ್ಕದವನ ಲೆಕ್ಕ ನೋಡುವುದು ಹೀಗೆಯೇ. ಓವಾಸ್ಪ್ ಪಟ್ಟಿಯಲ್ಲಿ 2017ರಲ್ಲಿ ಐದನೆಯದಾಗಿದ್ದ ಪ್ರವೇಶ ನಿಯಂತ್ರಣದ ಲೋಪ 2021ರಲ್ಲಿ ಮೊದಲ ಸ್ಥಾನಕ್ಕೇರಿದ್ದು ಸುಮ್ಮನೆಯಲ್ಲ.

ನನ್ನ ತೀರ್ಪು ಇಷ್ಟು. ಲಾಗಿನ್ ಆಗದವರಿಗೆ ರಿಡೈರೆಕ್ಟ್ ಇರಲಿ, ಅದು ಸೌಜನ್ಯ. ಲಾಗಿನ್ ಆಗಿಯೂ ಹಕ್ಕಿಲ್ಲದವರಿಗೆ ಫರ್ಬಿಡನ್ ಎಕ್ಸೆಪ್ಶನ್ ಎಸೆಯಿರಿ, 403 ಎಂದು ಮುಖಕ್ಕೇ ಹೇಳಿ. ಎಕ್ಸೆಪ್ಶನ್ ಎಸೆದ ಜಾಗದಲ್ಲೇ ಓಟ ನಿಲ್ಲುತ್ತದೆ, ಮರೆಯಲು ರಿಟರ್ನ್ ಇರುವುದೇ ಇಲ್ಲ. ದಾಖಲೆ ಇದೆಯೆಂಬುದೇ ಗುಟ್ಟಾದರೆ 404 ಕೊಡಿ. ಲಾಗಿನ್ ನಂತರ ಮರಳಬೇಕಾದ ವಿಳಾಸ ನಮ್ಮದೇ ತಾಣದೊಳಗಿನದೇ ಎಂದು ನೋಡದೆ ಯಾರನ್ನೂ ಅಲ್ಲಿಗೆ ಕಳಿಸಬೇಡಿ.

ಈ ಭಾನುವಾರ ಒಂದು ಕೆಲಸ ಮಾಡಿ. ಕಂಟ್ರೋಲರ್‌ಗಳಲ್ಲಿ ರಿಟರ್ನ್ ಇಲ್ಲದ ರಿಡೈರೆಕ್ಟ್ ಸಾಲುಗಳನ್ನು ಹುಡುಕಿ. ಆಮೇಲೆ ಲಾಗಿನ್ ಆಗದೆ, ಟರ್ಮಿನಲ್‌ನಿಂದ ಕರ್ಲ್ ಬಳಸಿ ಅಡ್ಮಿನ್ ಪುಟವನ್ನು ಕೇಳಿ. ಕರ್ಲ್ ತಾನಾಗಿ ರಿಡೈರೆಕ್ಟನ್ನು ಹಿಂಬಾಲಿಸುವುದಿಲ್ಲ. 302ರ ಜೊತೆ ಪುಟದ ಒಡಲೂ ಬಂದರೆ, ಸೋಮವಾರ ಮೊದಲು ಅದನ್ನು ಸರಿಪಡಿಸಿ.