ಜಯವೇ, ಆನಂದವೇ? ಅಲ್ಲಮಪ್ರಭುವಿನ ಎರಡು ಕಥನಗಳು

ವಿಷಯಸುಖವನ್ನು ತೊರೆದು ದೇವರಲ್ಲಿ ನಿಜವಾದ ಆನಂದವನ್ನು ಕಂಡವರ ಚರಿತ್ರೆಗಳು ನಮ್ಮ ಸಾಹಿತ್ಯದಲ್ಲಿ ಹೇರಳವಾಗಿವೆ. ಆದರೆ ಪ್ರಲೋಭನವನ್ನು ಗೆಲ್ಲುವುದು ಒಂದು, ದೇವರಲ್ಲಿ ಆನಂದವನ್ನು ಪಡೆಯುವುದು ಮತ್ತೊಂದು. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು. ಎರಡೂ ಒಂದೇ ಎಂದು ಭಾವಿಸಿದರೆ ವಿಮರ್ಶೆ ದಾರಿ ತಪ್ಪುತ್ತದೆ. ಈ ಭೇದವನ್ನು ತಿಳಿಯಲು ಅಲ್ಲಮಪ್ರಭುವನ್ನು ಕುರಿತ ಎರಡು ಕಾವ್ಯಗಳು ಬಹುವಾಗಿ ನೆರವಾಗುತ್ತವೆ. ಒಂದು ಹರಿಹರನ ‘ಪ್ರಭುದೇವರ ರಗಳೆ’, ಇನ್ನೊಂದು ಚಾಮರಸನ ‘ಪ್ರಭುಲಿಂಗಲೀಲೆ’.

ಅಲ್ಲಮನು 12ನೆಯ ಶತಮಾನದವನು. ಹರಿಹರನು ಅವನಿಗೆ ಒಂದೆರಡು ತಲೆಮಾರು ಈಚಿನವನು. ಚಾಮರಸನಾದರೋ ವಿಜಯನಗರದ ಪ್ರೌಢದೇವರಾಯನ (1424-1446) ಕಾಲದವನು. ಎರಡು ಕಾವ್ಯಗಳಲ್ಲಿಯೂ ಅಲ್ಲಮನು ಮದ್ದಳೆಯ ವಾದನದಲ್ಲಿ ಪ್ರವೀಣ. ಈ ಅಂಶವನ್ನು ಇತಿಹಾಸದ ವಿದ್ಯಾರ್ಥಿಯು ಅಲಕ್ಷಿಸಲಾಗದು. ದೇವರ ಅಂಗಭೋಗ ರಂಗಭೋಗಗಳಿಗೆ ದತ್ತಿ ಬಿಟ್ಟ ಉಲ್ಲೇಖಗಳು ಆ ಕಾಲದ ಶಾಸನಗಳಲ್ಲಿ ಪದೇ ಪದೇ ಬರುತ್ತವೆ. ದೇವಾಲಯದ ರಂಗಮಂಟಪದಲ್ಲಿ ಗೀತ, ವಾದ್ಯ, ನೃತ್ಯಗಳು ಪೂಜೆಯ ಅಂಗವಾಗಿದ್ದವು. ಆದ್ದರಿಂದ ಮದ್ದಳೆಯ ಕಲಾವಿದನ ಪಾಲಿಗೆ ಇಂದ್ರಿಯಗಳ ಆಕರ್ಷಣೆಯೂ ದೈವಸಾನ್ನಿಧ್ಯವೂ ಒಂದೇ ಸೂರಿನ ಕೆಳಗಿದ್ದವು. ಇವುಗಳ ಸಂಬಂಧವನ್ನು ಇಬ್ಬರು ಕವಿಗಳೂ ವಿಚಾರಿಸಿದ್ದಾರೆ. ಅವರು ಕಂಡುಕೊಂಡ ಉತ್ತರಗಳು ಮಾತ್ರ ಭಿನ್ನ.

ಚಾಮರಸನ ಕಥೆಯಲ್ಲಿ ಪ್ರಲೋಭನವು ಹೊರಗಿನಿಂದ ಬರುತ್ತದೆ. ಅಲ್ಲಮನನ್ನು ಪರೀಕ್ಷಿಸಲೆಂದು ಪಾರ್ವತಿಯು ತನ್ನ ತಾಮಸಕಳೆಯನ್ನು ಭೂಮಿಗೆ ಕಳುಹಿಸುತ್ತಾಳೆ. ಅದು ಬನವಸೆಯ ಅರಸನಾದ ಮಮಕಾರನ ಮಗಳು ಮಾಯೆಯಾಗಿ ಜನಿಸುತ್ತದೆ. ಅವಳು ನರ್ತಿಸುವಾಗ ಅಲ್ಲಮನು ಮದ್ದಳೆ ನುಡಿಸುತ್ತಾನೆ. ಅವಳು ಅವನಿಗೆ ಮನಸೋಲುತ್ತಾಳೆ. ಹಿಡಿಯಹೋದರೆ ಅವನು ಕೈಗೆ ಸಿಲುಕುವುದಿಲ್ಲ. ಮಮಕಾರನೆಂಬ ಹೆಸರೇ ಕವಿಯ ಆಶಯವನ್ನು ಸಾರುತ್ತದೆ: ತನ್ನದಾಗಿಸಿಕೊಳ್ಳಬೇಕೆಂಬ ಹಟವೇ ಮಾಯೆಯ ತವರು. ಈ ರೂಪಕದ ಬಿಗಿ ಮೆಚ್ಚತಕ್ಕದ್ದು. ಆದರೆ ಇಲ್ಲಿನ ಅಲ್ಲಮನಿಗೆ ಸೋಲುವ ಸಂಭವವೇ ಇಲ್ಲ. ಅವನು ಮೊದಲಿನಿಂದಲೂ ನಿರ್ಲಿಪ್ತ. ಹಸಿವೇ ಇಲ್ಲದವನು ಉಪವಾಸವಿದ್ದರೆ ಅದನ್ನು ವ್ರತವೆಂದು ಕರೆಯಬಹುದೆ? ಈ ಪ್ರಸಂಗದಲ್ಲಿ ನಿಜವಾಗಿ ತಳಮಳಗೊಳ್ಳುವವಳು, ಸೋಲುವವಳು, ಓದುಗನ ಮರುಕಕ್ಕೆ ಪಾತ್ರಳಾಗುವವಳು ಮಾಯೆಯೇ. ನಾಯಕನಿಗೆ ದೊರೆಯುವುದು ಜಯ. ಅವನ ಆನಂದವು ಹುಟ್ಟಿದ ಬಗೆಯನ್ನು ನಾವು ಕಾಣುವುದಿಲ್ಲ.

ಹರಿಹರನ ದಾರಿ ಬೇರೆ. ಅವನ ಅಲ್ಲಮನು ಕಮಲತೆಯೆಂಬ ತರುಣಿಯನ್ನು ಒಲಿದು ಅವಳೊಡನೆ ಸುಖದಿಂದಿರುತ್ತಾನೆ. ಅವಳು ಜ್ವರಕ್ಕೆ ತುತ್ತಾಗಿ ಸಾಯುತ್ತಾಳೆ. ಅವನು ಅವಳನ್ನೇ ಹಂಬಲಿಸುತ್ತ ಹುಚ್ಚನಂತೆ ಅಲೆಯುತ್ತಾನೆ. ಒಂದು ತೋಪಿನಲ್ಲಿ ಕುಳಿತು ಅನ್ಯಮನಸ್ಕನಾಗಿ ಕಾಲ ಉಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಹೂತುಹೋದ ದೇಗುಲವೊಂದರ ಹೊನ್ನಿನ ಕಳಸ ಕಾಣಿಸುತ್ತದೆ. ಅಗೆಯಿಸಿ, ಮುಚ್ಚಿದ ಬಾಗಿಲನ್ನು ಒದ್ದು ಒಳಹೊಕ್ಕರೆ ಅಲ್ಲಿ ಅನಿಮಿಷಯ್ಯನು ಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತಿದ್ದಾನೆ. ಆ ಲಿಂಗವು ಅಲ್ಲಮನ ಕೈಗೆ ಬರುತ್ತದೆ. ಕೊಡುವ ಕ್ಷಣದಲ್ಲಿಯೇ ಅನಿಮಿಷಯ್ಯನ ಪ್ರಾಣ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದುದು ಮೂರು. ಮೊದಲನೆಯದಾಗಿ, ಕಮಲತೆಯು ಅಲ್ಲಮನನ್ನು ಕೆಡಿಸಲೆಂದು ಬಂದವಳಲ್ಲ. ಅವಳ ಮೇಲೆ ಕವಿಯು ಯಾವ ಕಳಂಕವನ್ನೂ ಹೊರಿಸಿಲ್ಲ. ಎರಡನೆಯದಾಗಿ, ಅಲ್ಲಮನು ಸುಖವನ್ನು ಹೇಸಿ ಬಿಟ್ಟವನಲ್ಲ. ಸುಖವೇ ಅವನ ಕೈ ತಪ್ಪಿತು. ಮೂರನೆಯದಾಗಿ, ಗುಡಿಯನ್ನು ಅವನು ಅರಸಿ ಹೋಗಲಿಲ್ಲ. ದುಃಖವು ಕೆದಕಿದ ನೆಲದಲ್ಲಿ ಅದು ದೊರೆಯಿತು. ಕಮಲತೆಯನ್ನು ಕಳೆದುಕೊಂಡ ಕೈಗೇ ಲಿಂಗವು ಬಂದಿತು. ಮಡಿಯುವ ರೂಪದಲ್ಲಿ ನೆಟ್ಟಿದ್ದ ಮನಸ್ಸು ಎವೆಯಿಕ್ಕದ ನೋಟವನ್ನು ಎದುರುಗೊಂಡಿತು. ಒಲಿಯುವ ಶಕ್ತಿ ನಾಶವಾಗಲಿಲ್ಲ. ನಾಶವಾಗದ ನೆಲೆಯನ್ನು ಪಡೆಯಿತು.

ಚಾಮರಸನ ಪರವಾಗಿ ಒಂದು ಮಾತು ನ್ಯಾಯವಾಗಿ ಹೇಳತಕ್ಕದ್ದಿದೆ. ಅವನ ಕಾಲಕ್ಕೆ ಅಲ್ಲಮನು ಚಾರಿತ್ರಿಕ ವ್ಯಕ್ತಿಯಾಗಿ ಉಳಿದಿರಲಿಲ್ಲ, ತತ್ತ್ವವೇ ಆಗಿದ್ದನು. ವಚನಗಳ ಸಂಕಲನ ವ್ಯಾಖ್ಯಾನಗಳು ಹುರುಪಿನಿಂದ ನಡೆದ ಆ ಯುಗದಲ್ಲಿ ಶೂನ್ಯಸಿಂಹಾಸನದ ಒಡೆಯನಿಗೆ ಪ್ರಣಯಕಥೆಯನ್ನು ಅಂಟಿಸುವುದು ಅನುಚಿತವಾಗಿ ತೋರಿರಬೇಕು. ಆದರೂ ಪ್ರಲೋಭನವನ್ನು ಒಬ್ಬ ಹೆಣ್ಣಿನ ರೂಪದಲ್ಲಿ ಹೊರಗೆ ನಿಲ್ಲಿಸಿದಾಗ ಅಲ್ಲಮನ ಮಾತಿನಿಂದಲೇ ನಾವು ದೂರ ಸರಿಯುತ್ತೇವೆ. ಮಾಯೆಯಿರುವುದು ಹೊರಗಿನ ವಸ್ತುಗಳಲ್ಲಲ್ಲ, ಬಯಸುವ ಮನಸ್ಸಿನಲ್ಲಿ ಎಂಬುದು ಅವನ ಪ್ರಸಿದ್ಧ ವಚನವೊಂದರ ತಾತ್ಪರ್ಯ. ಈ ದೃಷ್ಟಿಗೆ ಹರಿಹರನ ಕಥನವೇ ಹೆಚ್ಚು ಹತ್ತಿರವಾದುದು.

ಇದು ಕೇವಲ ಕಾವ್ಯತಾರತಮ್ಯದ ಪ್ರಶ್ನೆಯಲ್ಲ. ತರಗತಿಯಲ್ಲಿ ನಾವು ವೈರಾಗ್ಯವನ್ನು ವಿವರಿಸುವಾಗ ಸಾಮಾನ್ಯವಾಗಿ ಚಾಮರಸನ ಮಾದರಿಯನ್ನೇ ಮುಂದಿಡುತ್ತೇವೆ: ಬಂದ ಮೋಹಿನಿ, ಅಲುಗದ ವೀರ. ಇದನ್ನು ಕೇಳಿದ ವಿದ್ಯಾರ್ಥಿಯು ಭಕ್ತಿಯೆಂದರೆ ಜೀವನದ ಮೇಲಣ ತಿರಸ್ಕಾರವೆಂದು ತಿಳಿದರೆ ತಪ್ಪು ಅವನದಲ್ಲ. ಪ್ರೀತಿಸಿ ನೊಂದವನಿಗೆ ಆ ವೀರನಿಂದ ದೊರೆಯುವ ನೆರವು ಅಲ್ಪ. ಹರಿಹರನ ಅಲ್ಲಮನಾದರೋ ನಮ್ಮಂತೆಯೇ ಒಲಿದು, ಕಳೆದುಕೊಂಡು, ಅತ್ತವನು. ಅವನು ಕಂಡ ಆನಂದಕ್ಕೆ ಆ ಕಣ್ಣೀರೇ ಸಾಕ್ಷಿ. ಆದಕಾರಣ ಎರಡು ಕಾವ್ಯಗಳನ್ನೂ ಜೊತೆಯಾಗಿಯೇ ಬೋಧಿಸುವುದು ಯುಕ್ತ: ಹಿಡಿತ ಬಿಡುವುದನ್ನು ಚಾಮರಸನಿಂದ ಕಲಿಯೋಣ; ಬಿಟ್ಟ ಕೈಗೆ ಏನು ದೊರೆಯಿತೆಂಬುದನ್ನು ಹರಿಹರನಿಂದ ಅರಿಯೋಣ.